ಭಾನುವಾರ, ಎಂಜಿನ್ ಆಫ್

ಬೊಮ್ಮನಹಳ್ಳಿಯಿಂದ ಹೊರಟಿದ್ದೆವು ಇಪ್ಪತ್ತೆರಡು ಜನ,
ಮೂರನೇ ಲೈನಿನವರು, ಕಾಲರ್ ಕೂರಿಸುವವರು, ಕಾಜಾ ಹೊಡೆಯುವವರು,
ಜೊತೆಗೆ ಹೊಸ ಟೋಪಿಯ ಸೂಪರ್‌ವೈಸರ್ ಬಸವಲಿಂಗು.
ವರ್ಷಕ್ಕೊಂದು ಸಲ ಕಂಪನಿ ಲೆಕ್ಕದಲ್ಲಿ
ಚಿತ್ರಾನ್ನ, ಬನ್ನೇರುಘಟ್ಟ.

ಹುಲಿ ಮಲಗಿತ್ತು. ಸಿಂಹ ಆಕಳಿಸಿತು.
ಕರಡಿ ತನ್ನ ಪಾಲಿನ ಕಲ್ಲಂಗಡಿಯನ್ನು
ನಮಗೆ ಬೆನ್ನು ಕೊಟ್ಟು ತಿಂದಿತು.
‘ಇಷ್ಟೇನಾ?’ ಅಂದಳು ಮುಬೀನಾ.
‘ಇನ್ನೊಂದು ಗೇಟು ಇದೆ ತಾಯಿ’ ಅಂದ ಡ್ರೈವರ್ ಅಂತೋಣಿ.

ಆ ಗೇಟಿನವರೆಗೆ ಹೋಗಲೇ ಇಲ್ಲ.
ತಿರುವಿನಲ್ಲಿ ಬ್ರೇಕ್ ಹಾಕಿದ. ಎಂಜಿನ್ ಆಫ್ ಮಾಡಿದ.
ಎತ್ತಿದ ಕೈ ಇಳಿಸದೆ
ಉಸಿರಲ್ಲೇ ಹೇಳಿದ:
‘ಇವು ನಮ್ಮವಲ್ಲ.’

ಅಂದರೆ ಹೆಸರಿಲ್ಲ, ಕಾಲಿಗೆ ಸರಪಳಿಯಿಲ್ಲ,
ಕೂಗಿದರೆ ಬಂದು ರಾಗಿಮುದ್ದೆಗೆ ಬಾಯಿ ತೆರೆಯುವವಲ್ಲ.

ಮುಂದೆ ಒಂದು ಹೆಣ್ಣು.
ಹದಿಮೂರು ವರ್ಷ ಬಟ್ಟೆ ತಪಾಸಿದ ಕಣ್ಣು ನನ್ನದು,
ಬೇರೆ ಹೇಗೆ ನೋಡಲಿ?
ಎರಡು ಸೈಜು ದೊಡ್ಡ ಚರ್ಮ,
ಮೊಣಕಾಲ ಹಿಂದೆ ಸಡಿಲ ಬಿಟ್ಟ ನೆರಿಗೆ,
ಎಡಗಿವಿಯ ಅಂಚು ಹರಿದು, ಯಾರೂ ಮಡಚಿ ಹೊಲಿಯದೆ
ಗಾಳಿಗೆ ಪಟಪಟ.
ನನ್ನ ಟೇಬಲ್ಲಿಗೆ ಬಂದಿದ್ದರೆ ಕೆಂಪು ಸ್ಟಿಕ್ಕರ್ ಅಂಟಿಸಿ
ರಿಜೆಕ್ಟ್ ಡಬ್ಬಕ್ಕೆ ಎಸೆಯುತ್ತಿದ್ದೆ.

ಹೊಟ್ಟೆಯಡಿ ಒಂದು ಮರಿ.
ಸೊಂಡಿಲನ್ನು ಏನು ಮಾಡಬೇಕೆಂದು ಇನ್ನೂ ತಿಳಿಯದ್ದು,
ತನ್ನದನ್ನು ತಾನೇ ತುಳಿದುಕೊಂಡಿತು.
ಯಾರೋ ನಕ್ಕರು, ಬಾಯಿಗೆ ದುಪಟ್ಟಾ ತುರುಕಿಕೊಂಡು.

ಪುಟ್ಟಮಾದಿ ಕೈಮುಗಿದಳು.
ಬಸವಲಿಂಗು ಟೋಪಿ ತೆಗೆದ.
ಗಂಟೆಗೆ ಎಷ್ಟು ಪೀಸು, ಬಾತ್‌ರೂಮಿಗೆ ಎಷ್ಟು ನಿಮಿಷ ಎಂದು
ಬಾಯಲ್ಲೇ ಗಡಿಯಾರ ಇಟ್ಟುಕೊಂಡವನು.
ಅವನ ಮೊಣಕೈ ನನ್ನ ಮೊಣಕೈಗೆ ತಾಗಿ ನಡುಗುತ್ತಿತ್ತು.
ನಡುಗಿದ್ದು ನನ್ನದೇ ಇರಬಹುದು.

ಆಗ ಒಂದು ಸದ್ದು. ಕಿವಿಗಲ್ಲ,
ಬಸ್ಸಿನ ತಗಡಿಗೆ, ಸೀಟಿಗೆ, ಪಕ್ಕೆಲುಬಿಗೆ.
ನಲವತ್ತು ಮಷೀನು ಒಟ್ಟಿಗೆ ಓಡಿದರೆ ನೆಲ ಅದುರುತ್ತದಲ್ಲ,
ಹಾಗೆ. ಆದರೆ ಯಾವ ಆತುರವೂ ಇಲ್ಲದ ಅದುರು.

ಹೆಣ್ಣು ತಿರುಗಿತು. ಹಿಂದೆ ಉಳಿದವು,
ಬಿದಿರು ಸರಿಸಿ, ನಮ್ಮನ್ನೂ ಬಿದಿರಿನಂತೆಯೇ ಸರಿಸಿ.
ನಾನು ಎಣಿಸಲಿಲ್ಲ.
ಎಣಿಸುವುದೇ ನನ್ನ ಕೆಲಸ, ಆದರೂ.

ರಸ್ತೆಯಲ್ಲಿ ಲದ್ದಿ ಹಬೆಯಾಡುತ್ತಿತ್ತು,
ಒಳಗೆ ಅರಗದ ರಾಗಿತೆನೆ, ಯಾರ ಹೊಲದ್ದೋ.
ಅದನ್ನು ಕಂಡ ಪುಟ್ಟಮಾದಿ ಕೈ ಇಳಿಸಿದಳು.
ಅವಳಣ್ಣನದು ಆನೇಕಲ್ ಆಚೆ ಮುಕ್ಕಾಲು ಎಕರೆ.

ವಾಪಸ್ಸು ಬರುವಾಗ ಒಬ್ಬೊಬ್ಬರದು ಒಂದೊಂದು ಲೆಕ್ಕ:
ಐದು. ಎಂಟು. ಮುಬೀನಾ ಹನ್ನೊಂದೇ ಹನ್ನೊಂದು ಎಂದಳು.
ಅಂತೋಣಿ ಏನೂ ಹೇಳಲಿಲ್ಲ.

ಸೋಮವಾರ ಬಸವಲಿಂಗು ಎಂದಿನಂತೆ ಕೂಗಾಡಿದ.
ಹನ್ನೊಂದು ಗಂಟೆಗೆ ಕರೆಂಟು ಹೋಯಿತು.
ಜನರೇಟರ್ ಹೊತ್ತಿಕೊಳ್ಳುವ ಮುಂಚಿನ ಆ ಅರೆ ನಿಮಿಷ
ನಲವತ್ತು ಸೂಜಿ ಅರ್ಧಕ್ಕೆ ನಿಂತು, ಯಾರೂ ಉಸಿರೆತ್ತದೆ,

ಪಕ್ಕದಿಂದ ಮುಬೀನಾ, ಮೆಲ್ಲಗೆ:
‘ಹನ್ನೆರಡು ಕಣೇ. ಮರಿ ಬಿಟ್ಟುಬಿಟ್ಟಿದ್ದೆ.’