ಹತ್ತನೇ ಕುಣಿ

ಗದಗ ರೋಡಿನ ಸ್ಮಶಾನದಾಗ ನಿಮ್ಮ ಹೆಸರು ಹುಡುಕಿದೆ, ಮಾಮಾ,
ಚೆಂಡು ಹುಡುಕೂಹಂಗ,
ಬಗ್ಗಿ, ಕಾಲಿಲೆ ಕರಕಿ ಸರಿಸಿ.

ಎಲೀಯ ದೊಡ್ಡಮನಿ. ವರ್ಕ್‌ಶಾಪ್ ಫಿಟ್ಟರ್.
ಅಷ್ಟ ಬರದಾರ.
ಎರಕದ ಮನ್ಯಾಗ ಗುಜರಿ ಕಬ್ಬಿಣ ಬಡದು
ಕೋಲು ಮಾಡಿಕೊಂಡು
ಸಾಹೇಬರನ್ನ ಸೋಲಿಸಿದ್ದು ಬರದಿಲ್ಲ.

ಗೂಡ್ಸ್ ಗಾಡಿಯೊಳಗ ಬಿದ್ದ ಚೆಂಡು
ಗುಂತಕಲ್ ನೋಡಿ ಬಂತು,
ಮೂರನೇ ದಿನ ಗಾರ್ಡ್ ತಂದುಕೊಟ್ಟ.
ಅದನ್ನೂ ಬರದಿಲ್ಲ.

ಗಾಲ್ಫ್ ಮೈದಾನದಾಗ ಒಂಬತ್ತು ಕುಣಿ ಇದ್ದವು.
ಈಗ ಅಲ್ಲಿ ಕ್ವಾರ್ಟರ್ಸು, ಒಣಹಾಕಿದ ಸೀರಿ.

ಬ್ಯಾಸಗಿಗೆ ಎರಿಮಣ್ಣು ಬಿರದು
ನಿಮ್ಮ ಕಲ್ಲು ಎಡಕ್ಕ ವಾಲೇದ,
ಹೊಡಿಯೂಕಿಂತ ಮೊದಲ ನಿಲ್ಲತಿದ್ದಿರಲ್ಲ, ಹಂಗ.

ಕಿಸೆದಾಗಿನ ಚೆಂಡು ಅದರ ಮ್ಯಾಲ ಇಟ್ಟೆ.
ಉರುಳಿತು.
ಬಿರುಕಿನೊಳಗ ಇಳೀತು.
ಮೊಳಕೈ ತನಕ ಕೈ ಹಾಕಿದೆ.

ನಿಮ್ಮ ಚೀಲ ಹೊತ್ತಾಂವ
ಕಳಕೊಂಡ ಮೊದಲನೇ ಚೆಂಡು.