ಬಾಕಿ, ಟಿಕೀಟಿನ ಹಿಂದ

ದಿನಾ ಮುನ್ನೂರರವತ್ತು ಕಿಲೋಮೀಟರು ಹೋಗಿ ಬರ್ತೀನಿ.
ಆದ್ರೂ ಡಾಕ್ಟರಮ್ಮ ಅಂದ್ರು:
“ನಡೀಬೇಕವ್ವ, ದಿನಾ ಅರ್ಧ ತಾಸು. ಸಕ್ಕರಿ ಏರ್ಯಾದ.”
ಹನ್ನೊಂದು ವರ್ಷ ರಾಯಚೂರು, ಲಿಂಗಸುಗೂರು, ರಾಯಚೂರು;
ಬಸ್ಸಿನಾಗ ನಿಂತ ನಿಂತೇ ಊರು ದಾಟೀನಿ.
ಉರುಳಿದ್ದು ಗಾಲಿ,
ಊದಿದ್ದು ನನ್ನ ಕಾಲು.

ತೀನ್ ಕಂದೀಲಿನಾಗ ಆರುನೂರೈವತ್ತು ಕೊಟ್ಟು ಬೂಟು ತಂದೆ.
ಗುಲಾಬಿ ಪಟ್ಟಿ, ಮಗಳು ಆರಿಸಿದ್ದು.
ಸೋಮವಾರದಿಂದ ಅಂತ ಗಟ್ಟಿ ಮಾಡ್ಕೊಂಡೆ:
ಐದಕ್ಕ ಏಳೂದು, ಮಾವಿನಕೆರಿ ಸುತ್ತ ನಾಕು ಸುತ್ತು.

ಆ ಸೋಮವಾರನೇ ನಾಲ್ಕೂವರಿಗೆ ನಳ ಬಂತು.
ವಾರಕ್ಕೊಮ್ಮಿ ಬರೂ ನೀರು,
ಕೊಡ ಬಿಟ್ಟು ಬೂಟು ಯಾರು ಹಾಕ್ತಾರ?
ಮಂಗಳವಾರ ನೈಟ್ ಹಾಲ್ಟು.
ಬುಧವಾರ ತಿಂಗಳ ಹೊಟ್ಟಿನೋವು.
ಗುರುವಾರ ಎಲ್ಲಾ ಸರಿ ಇತ್ತು, ಗಾಳಿನೂ ತಣ್ಣಗಿತ್ತು,
ಮನಸ್ಸೇ ಬರಲಿಲ್ಲ.
ಸುಳ್ಳು ಯಾಕ ಹೇಳ್ಲಿ.

ಹಿಂಗ ಮೇ ತಿಂಗಳು ಬಂತು.
ಏಳು ಗಂಟಿಗೇ ಬಿಸಲು ಬೆನ್ನಿಗೆ ಇಸ್ತ್ರಿ ಹಿಡೀತದ.
ಬೂಟು ಡಬ್ಬಿಯೊಳಗ ಕಾಗದ ಹೊದ್ದು ಮಲಗ್ಯಾವ,
ಮದಿವಿಗಂತ ಎತ್ತಿಟ್ಟ ಸೀರಿ ಹಂಗ.

ಒಂದಿನ ಲಿಂಗಸುಗೂರು ಸ್ಟ್ಯಾಂಡಿನಾಗ
ಟಿಕೀಟು ತಿರುವಿ ಹಿಡದು ನಿಂತ ಒಬ್ಬ ಕಾಕಾ.
ಹಿಂದ ನಂದೇ ಅಕ್ಷರ: ಬಾಕಿ ಏಳು.
ಚೀಲ ಜಾಡಿಸಿದ್ರ ಮೂರೇ ಬಿದ್ದವು.
“ಇಷ್ಟೇ ಅದ, ಕಾಕಾ.”
“ಇದ್ದಷ್ಟು ಕೊಡವ್ವ,
ಪೂರಾ ಬೇಕಂತ ನಿಂತ್ರ ನನ್ನ ಮುದಗಲ್ಲ ಬಸ್ಸು ಹೋಗ್ತದ.”
ಮೂರು ಇಸ್ಕೊಂಡು, ಧೋತರದ ತುದಿ ಹಿಡಕೊಂಡು
ಓಡೇ ಬಿಟ್ಟ ಮುದುಕ.

ಮೌಲಾಸಾಬ್ ಚಾಕ್ಕ ಇಳದಿದ್ದ.
ಬಿಡೂದಕ್ಕ ಇನ್ನೂ ಹದಿನೆಂಟು ನಿಮಿಷ.
ಯಾಕೋ ಏನೋ, ಮಷೀನು ಸೀಟಿನ ಕೆಳಗಿಟ್ಟು
ನಡದೆ.
ಖಾಕಿ ಅಂಗಿ, ಬಾರು ಸವೆದ ಚಪ್ಪಲಿ.
ಒಂದನೇ ಪ್ಲಾಟ್‌ಫಾರಮ್ಮಿನಿಂದ ಶೌಚಾಲಯದ ತನಕ,
ಅಲ್ಲಿಂದ ಸಿಮೆಂಟ್ ಜಾಹೀರಾತಿನ ಗೋಡಿ,
ಗೋಡಿ ಮುಟ್ಟಿ ಹೊಳ್ಳಿ.
“ಅಕ್ಕಾ, ಸಿರವಾರ ಬಸ್ಸು?”
“ಇದೇ, ಹತ್ತು,” ಅಂದೆ, ನಿಲ್ಲಲಿಲ್ಲ.
ಶೇಂಗಾ ಮಾರೂ ಹುಡುಗ ನಕ್ಕ. ನಗಲಿ.
ಮೌಲಾಸಾಬ್ ಬಸಿ ಕೆಳಗಿಟ್ಟು ಕೇಳಿದ:
“ಏನು ಕಳಕೊಂಡಿ, ಗಂಗಮಾಳವ್ವ?”
“ಎರಡು ಕಿಲೋ ಕಳೀಬೇಕಂತ ಹೊಂಟೀನಿ,
ಇನ್ನೂ ಕಳದಿಲ್ಲ.”

ಈಗ ಟಿಕೀಟಿನ ಹಿಂದ ನನ್ನ ಲೆಕ್ಕನೂ ಬರ್ಕೋತೀನಿ.
ಹನ್ನೊಂದು. ನಾಲ್ಕು.
ಸೊನ್ನಿ. ಸೊನ್ನಿ.
ಹದಿನಾರು, ತಲಿ ನೋಯ್ತಿತ್ತು, ಆದ್ರೂ.
ಎರಡು, ಅದೂ ಮಳಿ ಬಂದು ಓಡಿದ್ದು.
ಅರ್ಧ ತಾಸಿನ ಇಡೀ ನೋಟು
ಇನ್ನೂ ಒಂದಿನಾನೂ ಕೈಗೆ ಸಿಕ್ಕಿಲ್ಲ.
ಸಕ್ಕರಿ ಇಳದದ್ದು ಹದಿಮೂರೇ ಅಂಕಿ;
ಡಾಕ್ಟರಮ್ಮ ಕನ್ನಡಕದ ಮ್ಯಾಲಿಂದ ನೋಡಿದ್ರು,
ಬೈಲಿಲ್ಲ.

ನಿನ್ನಿ ಕವಿತಾಳ ದಾಟಿದ ಮ್ಯಾಲ
ಇಂಜಿನ್ನು ಒಂದೆರಡು ಸಲ ಕೆಮ್ಮಿ ಕುಂತೇಬಿಡ್ತು.
ಡಿಪೋದ ಗಾಡಿ ಬರಾಕ ಒಂದು ತಾಸಂತ.
ಮಂದಿ ನನ್ನನ್ನೇ ಬೈದ್ರು, ಬೋನೆಟ್ಟು ಬೈಸ್ಕೊಂಡಂಗ ಬಾಯ್ತೆರಕೊಂಡು ನಿಂತಿತ್ತು.
ಎಲ್ಲಾರ ಬೈಗುಳ ಮುಗಿಯೂ ತನಕ ಕೇಳಿ
ರಸ್ತಿ ಬದಿ ಹಿಡದು ಹೊಂಟೆ.
ಬತ್ತದ ಗದ್ದಿ, ಕಾಲುವಿ, ದೂರ ಒಂದು ಮೈಲಿಗಲ್ಲು.
ಹಿಂದ ಬಳಿ ಸದ್ದು.
ಮೂರನೇ ಸೀಟಿನ ಮುದುಕಿ,
ಸೆರಗು ಸೊಂಟಕ್ಕ ಸಿಗಿಸ್ಕೊಂಡು ಬರಕತ್ತಾಳ.
“ನಿಂದ್ರ ಬೇ, ನಾನೂ ಬರ್ತೀನಿ.
ಕುಂತು ಕುಂತು ಕಾಲು ಕಟ್ಟಿಗಿ ಆಗ್ಯಾವ.
ಎಲ್ಲಿಗೆ ಹೊಂಟಿ?”
“ಆ ಕಲ್ಲಿನ ತನಕ.”
“ಅಲ್ಲೇನದ?”
“ಏನಿಲ್ಲಬೇ.”
“ನಡಿ ಮತ್ತ.”