ಬರೆಯಲಾಗದ ತಟ್ಟೆ

ಬೆಳಿಗ್ಗೆ ಒಂಬತ್ತೂಕಾಲಿಗೆ ಲ್ಯಾಬಿನ ಬೀಗ ತೆಗೆಯುತ್ತೇನೆ.
ಭದ್ರಾವತಿಯ ಪಾಲಿಟೆಕ್ನಿಕ್ಕು, ಮೇಲಿನ ಮಹಡಿ,
ಕಿಟಕಿ ತುಂಬ ಒಂದು ಚಿಮಣಿ, ಹೊಗೆಯಿಲ್ಲದ್ದು.
ಸೆರಗಿನ ತುದಿಯಿಂದ ತಟ್ಟೆ ಒರೆಸಿ
(ನಡುವಿನಿಂದ ಅಂಚಿಗೆ; ಸುತ್ತಿಸಿ ಒರೆಸಬಾರದು,
ತಂಗವೇಲು ಸರ್ ಹೇಳಿಕೊಟ್ಟ ಶಾಸ್ತ್ರ)
ಮೂಲೆಯ ಪೆಟ್ಟಿಗೆಯ ಬಾಯಿಗೆ ಕೊಡುತ್ತೇನೆ.
ಗೊರ್ರೆನ್ನುತ್ತದೆ. ಕೆಮ್ಮುತ್ತದೆ. ಎದ್ದು ಕೂರುತ್ತದೆ.
ಇಪ್ಪತ್ತೆರಡು ಕಂಪ್ಯೂಟರಿಗೆ ಪಾಠ ಬಡಿಸುವ ಸರ್ವರು
ಒಂದು ಸೀಡಿಯ ಮೇಲೆ ನಿಂತಿದೆ.

ಅದರ ಹೊಟ್ಟೆಯಲ್ಲಿ ಹಾರ್ಡ್ ಡಿಸ್ಕ್ ಇಲ್ಲ.
ಮೂರು ಮುಂಗಾರು, ಮೂರು ಸಿಡಿಲು, ಮೂರು ಡಿಸ್ಕು.
ಕೊನೆಯದನ್ನು ತಂಗವೇಲು ಸರ್ ಸ್ಕ್ರೂ ಬಿಚ್ಚಿ ತೆಗೆದು
ಹಾಳೆ ಹಾರದಂತೆ ಹಾಜರಿ ಪುಸ್ತಕದ ಮೇಲಿಟ್ಟರು.
ನಾಲ್ಕನೆಯದಕ್ಕೆ ಹಾಕಿದ ಇಂಡೆಂಟು
ಶಿವಮೊಗ್ಗಕ್ಕೆ ಹೋಗಿ, ಊಟ ಮಾಡಿ, ಅಲ್ಲೇ ಮಲಗಿತು.
"ಬೇಡ ಬಿಡಿ" ಅಂದರು,
ಕುಲುಮೆಯ ಮುಂದೆ ಬೆವರಿದ ಅಪ್ಪನ ಮಗ.
"ಎರಕ ಹೊಯ್ದದ್ದನ್ನು ಯಾರು ತಿದ್ದುತ್ತಾರೆ?
ಇದೂ ಹಾಗೇ. ಒಮ್ಮೆ ಸುಟ್ಟರೆ ಮುಗಿಯಿತು."

ಹಗಲಿನ ಲೆಕ್ಕವೆಲ್ಲ ಸ್ಲೇಟಿನ ಮೇಲೆ ನೀರಲ್ಲಿ ಬರೆದ ಹಾಗೆ.
ಕರೆಂಟು ಹೋದರೆ ಕೈ ತೊಳೆದುಕೊಳ್ಳುತ್ತದೆ,
ಬಂದರೆ ಮತ್ತೆ ಮೊದಲನೇ ದಿನ.
ಒಳಗಿನ ಗುಂಡಿ ಬ್ಯಾಟರಿ ಸತ್ತು ವರ್ಷಗಳಾದವು;
ಪ್ರತಿ ಬೆಳಿಗ್ಗೆ ಅದಕ್ಕೆ
ಎರಡು ಸಾವಿರದ ಒಂದನೇ ಇಸವಿ, ಜನವರಿ ಒಂದು.
ತಾರೀಖು ನಾನೇ ಹೇಳಿಕೊಡಬೇಕು.

ಹೋದ ವರ್ಷ ಐದನೇ ಸೆಮಿಸ್ಟರಿನ ಪುಂಡರು
ಪಾಸ್‌ವರ್ಡು ಕದ್ದು, ಪಾಠವೆಲ್ಲ ಅಳಿಸಿ,
ಪ್ರಿನ್ಸಿಪಾಲರ ಫೋಟೋಗೆ ಮೀಸೆ ಬರೆದು
ಉಸಿರು ಬಿಗಿಹಿಡಿದು ನನ್ನ ಮುಖ ನೋಡಿದರು.
ನಾನು ಸ್ವಿಚ್ಚು ಆರಿಸಿದೆ. ಹಾಕಿದೆ.
ಎರಡೂವರೆ ನಿಮಿಷ. ಮೀಸೆ ಮಾಯ.
"ಮೇಡಂ, ಇದಕ್ಕೆ ಸಿಟ್ಟೇ ಬರಲ್ವಾ?" ಅಂದ ಹಾಲೇಶ,
ಹೊಳೆಹೊನ್ನೂರಿನವನು, ಮೀಸೆ ಬರೆದವನೇ.
ಸಿಟ್ಟು ಬರೋಕೆ ನೆನಪಿರಬೇಕಲ್ಲಪ್ಪ, ಅಂದೆ.
ಅಂದ ಮೇಲೆ ಅಕ್ಕನ ಮುಖ ಬಂತು.
ಪೇಪರ್ ಟೌನಿನಲ್ಲೇ ಇದ್ದಾಳೆ, ಹನ್ನೊಂದು ವರ್ಷ ಮಾತಿಲ್ಲ.
ಬರೇ ಒಂದು ಬೋಗುಣಿಯ ಜಗಳ.

ಆ ಹಾಲೇಶ ಕೊನೆಯ ಪರೀಕ್ಷೆ ಮುಗಿದ ಸಂಜೆ
ಎಲ್ಲರೂ ಹೋದ ಮೇಲೂ ಕೂತಿದ್ದ,
ಸರ್ವರಿನ ಸೂಚನಾ ಫಲಕದಲ್ಲಿ ಏನೋ ಕುಟ್ಟುತ್ತ.
"ನಾನು ಬಸ್ಸು ಹತ್ತಿದ ಮೇಲೆ ಓದಿ ಮೇಡಂ."
ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದ.
ನಾನು ಕಿಟಕಿ ಮುಚ್ಚಿ, ಕುರ್ಚಿ ಸರಿಸಿ,
ಕನ್ನಡಕ ಹುಡುಕಿ, ಕೂತೆ:

ಮೇಡಂ, ಮೀಸೆಯ ವಿಷಯ ಅಲ್ಲ. ಅವತ್ತು ನೀವು
ನನ್ನ ಫೀಸು

ಕರೆಂಟು ಹೋಯಿತು.
ಕತ್ತಲಲ್ಲಿ ತಟ್ಟೆ ಇನ್ನೂ ಸ್ವಲ್ಪ ಹೊತ್ತು ಸುತ್ತಿತು,
ಬುಗುರಿಯಂತೆ ತೂಗಿ, ನಿಂತಿತು.

ಇಪ್ಪತ್ತು ನಿಮಿಷಕ್ಕೆ ಬಂತು. ಸರ್ವರು ಎದ್ದಿತು,
ಹೊಸ ಅಳಿಯನ ಹಾಗೆ, ಯಾರ ಪರಿಚಯವೂ ಇಲ್ಲದೆ.
ಫಲಕದ ಮೇಲೆ ಒಂದೇ ಸಾಲು:
'ಇನ್ನೂ ಯಾರೂ ಏನೂ ಬರೆದಿಲ್ಲ.'
ಆ ಸಾಲು ಮಾತ್ರ ತಂಗವೇಲು ಸರ್ ಸುಟ್ಟದ್ದು, ಅಳಿಯದ್ದು.

ಫೀಸು? ಯಾವ ಫೀಸು? ನನಗೂ ನೆನಪಿಲ್ಲ.
ಕಟ್ಟಿದ್ದೆನೋ, ಕಟ್ಟು ಅಂತ ಎಲ್ಲರೆದುರು ಬೈದಿದ್ದೆನೋ.
ಎರಡೂ ನನ್ನ ಕೈಲಿ ಆಗುವಂಥದ್ದೇ.

ಮಾರನೇ ದಿನ ತಟ್ಟೆ ಹಿಡಿದು ನೋಡಿದೆ.
ಹೊಳೆಯುವ ಮೈಯಲ್ಲಿ ನನ್ನ ಮೂಗು, ಒಂದೆರಡು ಗೀರು.
ತಿರುವಿದೆ. ಬೆನ್ನಿಗೆ ತಂಗವೇಲು ಸರ್ ಕೈಬರಹ:
'ಲ್ಯಾಬ್ ಸರ್ವರ್. ಮುಟ್ಟಬೇಡಿ.'
ಕೆಳಗೆ ಒಂದಿಂಚು ಜಾಗ ಉಳಿದಿತ್ತು,
ಪೆಟ್ಟಿಗೆಯ ಕಣ್ಣು ಬೀಳದ ಕಡೆ.
ಮಾರ್ಕರಿನಲ್ಲಿ ಸಣ್ಣಗೆ ಬರೆದೆ: 'ಹಾಲೇಶ. ಫೀಸು.'
ಒಣಗಲಿ ಅಂತ ಊದಿ, ಬಾಯಿಗೆ ಕೊಟ್ಟೆ.

ಗೊರ್ರೆಂದಿತು. ಕೆಮ್ಮಿತು.
ಜನವರಿ ಒಂದು, ಅಂದಿತು.
ಅಲ್ಲ ಮಾರಾಯ, ಅಂದೆ. ಮೇ ಹದಿನೇಳು.